ತಂಗಿಯ ಉಸಿರು ಕಾದವರು

ಮೇಡಂ ಯಾರ ಮನೆಗೆ ಹೋದರೂ ಮೊದಲು ಮೂಗಿನಿಂದ ನೋಡುತ್ತಿದ್ದರು. ಹೊಸ್ತಿಲ ಮುಂದೆ ನಿಂತು, ಚಪ್ಪಲಿ ಬಿಡುವ ಮೊದಲೇ, ತಲೆಯನ್ನು ಒಂಚೂರು ಮೇಲೆತ್ತಿ ಗಾಳಿ ಎಳೆಯುವರು. ಆಮೇಲೆ ನಿಧಾನವಾಗಿ ಹೇಳುವರು: ಮಂಚದ ಕೆಳಗೆ ಹಳೇ ಗೋಣಿಚೀಲ ತುರುಕಿದ್ದೀರಿ, ಸೊಳ್ಳೆಬತ್ತಿ ಹಚ್ಚಿದ್ದೀರಿ, ಬೆಕ್ಕು ಹಾಸಿಗೆಯ ಮೇಲೆ ಮಲಗುತ್ತದೆ. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುವರು. ನನಗೆ ಮಾತ್ರ ಯಾವತ್ತೂ ನಗು ಬರಲಿಲ್ಲ.

ಅವರು ಮಧುಗಿರಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್ ಆಗಿದ್ದರು. ಹುಟ್ಟಿದ್ದು ಪಾವಗಡದ ಕಡೆ, ನಿಡುಗಲ್ ಬೆಟ್ಟದ ಹತ್ತಿರ. ಅದಕ್ಕೇ ಮಾತಿನಲ್ಲಿ ಅರ್ಧ ತೆಲುಗು. ಚಿಕ್ಕಂದಿನಿಂದ ಅವರಿಗೇ ದಮ್ಮು. ಅಷ್ಟು ವರ್ಷ ಉಸಿರಿಗಾಗಿ ಎಳೆದೆಳೆದು ಹೆಗಲೆರಡೂ ಕಿವಿಯ ಕಡೆಗೆ ಏರಿ ಹಾಗೇ ನಿಂತಿದ್ದವು. ದೂರದಿಂದ ನೋಡಿದವರಿಗೆ ಆ ಹೆಂಗಸು ಸದಾ 'ನನಗೇನು ಗೊತ್ತಪ್ಪ' ಅನ್ನುತ್ತಿರುವ ಹಾಗೆ ಕಾಣುತ್ತಿತ್ತು. ಹತ್ತಿರ ಹೋದರೆ ತಮಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಅನ್ನುವ ಗತ್ತು. ಬೇರೆ ಹೆಂಗಸರು ಎಲೆಅಡಿಕೆ ಚೀಲ ಸಿಕ್ಕಿಸಿಕೊಳ್ಳುವ ಕಡೆ, ಸೊಂಟಕ್ಕೆ, ಅವರು ಬಾಯಿಗಿಟ್ಟು ಎಳೆದುಕೊಳ್ಳುವ ನೀಲಿ ಪಂಪು ಸಿಕ್ಕಿಸಿಕೊಳ್ಳುತ್ತಿದ್ದರು. ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು ಮಧುಗಿರಿ ಬೆಟ್ಟವನ್ನು ಈಗತಾನೇ ಕಂಡವರ ಹಾಗೆ ನೋಡುವರು. ಉಸಿರು ಸಾಲದೆ ನಿಂತಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಆದರೂ ಜೊತೆಯಲ್ಲಿದ್ದವರು ತಾವೂ ಬೆಟ್ಟ ನೋಡುವರು.

ಅವರು ತೀರಿಕೊಂಡ ಮೇಲೆ ಹಾಸ್ಟೆಲ್ಲಿನ ಜಗಲಿಯಲ್ಲಿ ಒಂದು ಸಭೆ ಮಾಡಿದರು. ಸಾವು ಬಂದದ್ದು ದಮ್ಮಿನಿಂದಲ್ಲ, ತಮ್ಮನ ಮನೆಯಲ್ಲಿ ಕೂತಲ್ಲೇ ಎದೆ ನಿಂತುಹೋಯಿತು. ಹಿಟ್ಟಿನ ಗಿರಣಿಯ ಯಜಮಾನರೊಬ್ಬರು ಎದ್ದು, ಮೇಡಂ ದಮ್ಮಿಗೆ ಸೋಲಲಿಲ್ಲ, ಅದು ಅವರಿಗೆ ಖುಷಿಯಾಗಿರುತ್ತದೆ ಅಂದರು. ಕಡ್ಲೆಕಾಯಿ ಸುಲಿಯುವ ಮಿಷನ್ನಿನಲ್ಲಿ ದುಡಿಯುವವರು, ಬಸ್ಸಿನ ಡ್ರೈವರು, ಹಾಸ್ಟೆಲ್ಲಿನ ಹಳೇ ಹುಡುಗಿಯರು, ಎಲ್ಲರೂ ಮಾತಾಡಿದರು. ನನ್ನ ತಂಗಿ ಮಾತಾಡಲು ಹೋಗಿ ಅತ್ತಳು. ಆಮೇಲೆ ಯಾರೋ ನನ್ನನ್ನು ಕರೆದರು, ನೀವೂ ಅವರನ್ನು ಹತ್ತಿರದಿಂದ ಬಲ್ಲವರು ಅಂತ. ನಾನು ತಲೆ ಅಲ್ಲಾಡಿಸಿ ಕುಳಿತೆ. ಏಳನೇ ಕ್ಲಾಸು ಓದಿದವಳು, ಮೈಕಿನ ಮುಂದೆ ಹೆದರಿದಳು ಅಂದುಕೊಂಡರು. ಅದಕ್ಕಲ್ಲ. ಅವರನ್ನು ಹೊಗಳಿ ಮಾತಾಡುವುದು ನನ್ನಿಂದ ಆಗುವುದಿಲ್ಲ.

ನಮ್ಮದು ಕೊಳಾಲದ ಹತ್ತಿರದ ಹಳ್ಳಿ. ಅವ್ವ ಹೋದಾಗ ತಂಗಿ ಇನ್ನೂ ನನ್ನ ಸೊಂಟದ ಮೇಲೆ ಕೂರುವಷ್ಟು ಚಿಕ್ಕವಳು. ಸ್ಕೂಲು ಬಿಟ್ಟು ನಾನೇ ಸಾಕಿದೆ. ಚಳಿಗಾಲ ಬಂದರೆ ಅವಳ ಎದೆಯಲ್ಲಿ ಬೆಕ್ಕು ಕೂತ ಹಾಗೆ ಗೊರ್ ಗೊರ್ ಅನ್ನುವುದು. ಉಪ್ಪಿನ ಕಾವು ಕೊಡುತ್ತಿದ್ದೆ, ಎಲೆ ರಸ ಕುಡಿಸುತ್ತಿದ್ದೆ, ಅವ್ವನ ಕಂಬಳಿಯಲ್ಲಿ ಸುತ್ತಿ ಎದೆಗೆ ಒರಗಿಸಿಕೊಂಡು ಕೂರುತ್ತಿದ್ದೆ. ಉಸಿರು ಹಗುರಾದ ಮೇಲೆ ಅವಳು ನನ್ನ ಕೊರಳಿಗೆ ಮುಖ ಒತ್ತಿ ನಿದ್ದೆ ಹೋಗುತ್ತಿದ್ದಳು. ಅವಳಿಗೆ ಬೇರೆ ಯಾರ ತೋಳೂ ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಅವಳಿಗೆ ದಮ್ಮು ಬಂದಾಗ ನನಗೆ ಹೆದರಿಕೆಯ ಜೊತೆಗೆ ಇನ್ನೊಂದೂ ಆಗುತ್ತಿತ್ತು. ನಾನು ಬೇಕಾದವಳು ಅನ್ನಿಸುತ್ತಿತ್ತು.

ಹೈಸ್ಕೂಲಿಗೆ ಅವಳನ್ನು ಮಧುಗಿರಿ ಹಾಸ್ಟೆಲ್ಲಿಗೆ ಸೇರಿಸಿದೆವು. ಮೊದಲ ರಜಕ್ಕೆ ಬಂದವಳ ಕೈಯಲ್ಲಿ ಎರಡು ಪಂಪು ಇದ್ದವು. ಒಂದು ಉಬ್ಬಸ ಬಂದಾಗ, ಇನ್ನೊಂದು ಚೆನ್ನಾಗಿದ್ದರೂ ದಿನಾ. ನೀರಿನ ಬಾಟಲಿಯ ತಳಕ್ಕೆ ತೂತು ಕೊರೆದು ಅದರಲ್ಲಿ ಪಂಪು ಕೂರಿಸಿ, ಬಾಟಲಿಯ ಬಾಯಿಂದ ಎಳೆದುಕೊಳ್ಳುವುದನ್ನು ತೋರಿಸಿದಳು. ಹಾಗೆ ಮಾಡಿದರೆ ಔಷಧಿ ಗಂಟಲಲ್ಲೇ ಉಳಿಯದೆ ಎದೆಗೆ ಇಳಿಯುತ್ತದಂತೆ. ಆಮೇಲೆ ಬಾಯಿ ಮುಕ್ಕಳಿಸಬೇಕಂತೆ. ಮಾತು ಮಾತಿಗೂ 'ಮೇಡಂ ಹಿಂಗಂತಾರೆ, ಮೇಡಂ ಹಂಗಂತಾರೆ'. ಪಂಪು ಅಭ್ಯಾಸವಾದರೆ ಬಿಡುವುದಿಲ್ಲ ಅಂತ ಊರೆಲ್ಲ ಹೇಳುತ್ತಿದ್ದ ಕಾಲ ಅದು. ನಾನೂ ಅದನ್ನೇ ಹೇಳಿ ಗದರಿದೆ. ತಂಗಿ ಮೊದಲ ಸಲ ನನಗೆ ಎದುರಾಡಿದಳು. "ನಿಂಗೆ ಗೊತ್ತಾಗಲ್ಲ ಬುಡಕ್ಕ" ಅಂದಳು. ಆ ಚಳಿಗಾಲ ಅವಳಿಗೆ ಕಂಬಳಿಯೂ ಬೇಕಾಗಲಿಲ್ಲ, ನಾನೂ ಬೇಕಾಗಲಿಲ್ಲ. ಅವಳು ಚೆನ್ನಾಗಿ ಉಸಿರಾಡುತ್ತಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಾನು ಎದ್ದು ಕೂತು ಅವಳ ಬೆನ್ನು ನೋಡುತ್ತಿದ್ದೆ.

ಭಾನುವಾರ ಹಾಸ್ಟೆಲ್ ಜಗಲಿಯಲ್ಲಿ ಮೇಡಂ ದಮ್ಮಿನವರನ್ನು ಸೇರಿಸುತ್ತಿದ್ದರು. ಶಿರಾದಿಂದ, ಪಾವಗಡದಿಂದ ಜನ ಬರುವರು. ಒಂದು ಲೋಟ ಟೀ ಕೂಡ ಕೊಡುತ್ತಿರಲಿಲ್ಲ, ಆ ವಿಷಯದಲ್ಲಿ ಬಲು ಜುಗ್ಗು. ಪರೀಕ್ಷೆ ಮಾತ್ರ ಬಿಗಿ. ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಪಂಪನ್ನು ಎಲ್ಲರ ಮುಂದೆ ಎಳೆದು ತೋರಿಸಬೇಕು. ಒಮ್ಮೆ ತಂಗಿಯನ್ನು ನೋಡಲು ಹೋಗಿದ್ದಾಗ ನಾನೂ ಮೂಲೆಯಲ್ಲಿ ಕೂತಿದ್ದೆ. ಶಿರಾ ಕಡೆಯ ಒಬ್ಬರು ದೊಡ್ಡ ಮೀಸೆಯವರು ಬಾಯಿ ತೆರೆದು ಪಂಪು ಒತ್ತಿದರು, ಔಷಧಿಯೆಲ್ಲ ಬಾಯಿಂದ ಆಚೆಗೇ ಬಂತು.

"ಏಮಪ್ಪ, ದೇವ್ರಿಗೆ ಹೊಗೆ ಹಾಕ್ತಿದೀಯ? ನಿನ್ನ ಎದೆ ಒಳಗಿರೋ ದೇವ್ರಿಗೆ ಹಾಕು. ಒತ್ತು, ಎಳ್ಕೊ, ಬಾಯ್ಮುಚ್ಚು. ನಿನ್ನ ಹೆಂಡ್ತಿ ಬೈಯೋವಾಗ ಮುಚ್ಚಲ್ವಾ, ಹಂಗೆ" ಅಂದರು ಮೇಡಂ.

"ಅವ್ಳು ಬೈಯೋವಾಗ ಮುಚ್ಚಿದ್ರೆ ನಂಗ್ಯಾಕೆ ಮೇಡಂ ದಮ್ಮು ಬತ್ತಿತ್ತು?" ಅಂದರು ಮೀಸೆಯವರು. ಜಗಲಿಯೆಲ್ಲ ನಕ್ಕಿತು, ಕೆಲವರಿಗೆ ನಕ್ಕು ಕೆಮ್ಮೂ ಬಂತು.

ಅವರದು ಇನ್ನೊಂದು ಪರೀಕ್ಷೆ ಇತ್ತು. ಮಧುಗಿರಿ ಶಿರಾ ಕೊರಟಗೆರೆ ಪಾವಗಡ ಅಂತ ನಾಲ್ಕೂ ತಾಲ್ಲೂಕಿನ ಹೆಸರನ್ನು ಒಂದೇ ಉಸಿರಿಗೆ ಹೇಳಬೇಕು. ಪಾವಗಡ ಮುಟ್ಟಲು ಆಗದವರು ನೀಲಿ ಪಂಪು ತೆಗೆದುಕೊಳ್ಳಬೇಕು. ಮಧುಗಿರಿ ದಾಟಲಿಕ್ಕೇ ಆಗದವರು ಪಂಪು ಎಳೆಯುತ್ತಲೇ ಆಸ್ಪತ್ರೆಗೆ ಹೊರಡಬೇಕು. ತಂಗಿ ಅವತ್ತು ಎದ್ದು ಪಟಪಟನೆ ಎರಡು ಸುತ್ತು ಹೇಳಿದಳು. ಮೇಡಂ ಅವಳ ಗಲ್ಲ ಹಿಡಿದು "ಶಭಾಷ್ ತಲ್ಲೀ" ಅಂದರು. ತಲ್ಲಿ ಅಂದರೆ ತೆಲುಗಿನಲ್ಲಿ ತಾಯಿ, ಆ ಕಡೆಯವರು ಹೆಣ್ಣುಮಕ್ಕಳನ್ನೆಲ್ಲ ಹಾಗೇ ಕರೆಯುತ್ತಾರೆ. ಗೊತ್ತಿದ್ದೂ ನನ್ನ ಹೊಟ್ಟೆಯಲ್ಲಿ ಕೆಂಡ ಬಿತ್ತು. ನಾನು ಸಾಕಿದ ಮಗು ಅದು.

ಮುಂದಿನ ಹುಣಸೆಹಣ್ಣಿನ ಕಾಲಕ್ಕೆ ಮೇಡಂ ನಮ್ಮ ಮನೆಗೇ ಬಂದರು. ಹೊಸ್ತಿಲ ಮುಂದೆ ನಿಂತು ಗಾಳಿ ಎಳೆದವರು ಎರಡು ಸಲ ಸೀನಿ ಹಿಂದಕ್ಕೆ ಸರಿದರು. ನಡುಮನೆಯಲ್ಲಿ ನಾನು ಹುಣಸೆಕಾಯಿ ಕುಟ್ಟಿ ಸಿಪ್ಪೆ, ನಾರು, ಬೀಜ ಬೇರೆ ಮಾಡುತ್ತಿದ್ದೆ. ಆ ಕೂಲಿಯಿಂದಲೇ ತಂಗಿಯ ಬಟ್ಟೆ ಬರೆ ಎಲ್ಲ. ಆ ಸಿಪ್ಪೆಯ ಧೂಳು, ಅವ್ವನ ಕಂಬಳಿಯ ಉಣ್ಣೆ, ಇವೆರಡೇ ಹುಡುಗಿಯ ಎದೆ ಹಿಡಿಯುತ್ತಿರುವುದು ಅಂತ ಅವರು ಹೇಳಿದರು. ದಬಾಯಿಸಿ ಹೇಳಲಿಲ್ಲ, ಮೆಲ್ಲಗೇ ಹೇಳಿದರು. ಕೆಲಸ ಬಿಡಬೇಡ, ಅಂಗಳದಾಚೆ ಬೇವಿನ ಮರದ ಕೆಳಗೆ ಕೂತು ಮಾಡು, ಮೂಗಿಗೆ ಬಟ್ಟೆ ಕಟ್ಟಿಕೋ, ಮೈ ತೊಳೆದು ಒಳಗೆ ಬಾ ಅಂದರು. ಅವರು ಹೋದ ಮೇಲೆ ಎಲ್ಲವನ್ನೂ ಅವರು ಹೇಳಿದ ಹಾಗೇ ಮಾಡಿದೆ. ಆದರೆ ಮರದ ಕೆಳಗೆ ಕೂತು ಕುಟ್ಟುವಾಗ ಒಂದೇ ಯೋಚನೆ. ಇಷ್ಟು ವರ್ಷ ಅವಳನ್ನು ಉಳಿಸಿದ್ದು ನಾನು ಅಂದುಕೊಂಡಿದ್ದೆ. ಒಬ್ಬರು ಬಂದು ಬಾಗಿಲಲ್ಲಿ ಸೀನಿ, ಅವಳ ಉಸಿರು ಕಟ್ಟಿಸಿದ್ದೇ ನಾನು ಅಂತ ಮಾಡಿಬಿಟ್ಟರು.

ತಂಗಿಯ ಮದುವೆಯ ವಿಷಯದಲ್ಲೂ ಅವರ ಮಾತೇ ಗೆದ್ದಿತು. ಕಳ್ಳಂಬೆಳ್ಳದ ಕಡೆಯಿಂದ ಹೆಣ್ಣು ನೋಡಲು ಬರುವ ದಿನ ನಾನು ಪಂಪುಗಳನ್ನು ರಾಗಿ ಡಬ್ಬದಲ್ಲಿ ಬಚ್ಚಿಟ್ಟಿದ್ದೆ. ಮೇಡಂ ನೆಂಟರ ಹಾಗೆ ಬಂದು ಕೂತವರು, ಕಾಫಿ ಲೋಟ ಕೆಳಗಿಡುತ್ತಲೇ ತಮ್ಮ ಸೊಂಟದ ಪಂಪನ್ನು ತೆಗೆದು ಚಾಪೆಯ ಮೇಲಿಟ್ಟರು. ಹುಡುಗಿಗೂ ಇಂಥದ್ದೇ ಒಂದಿದೆ, ನಿಮ್ಮ ಮನೆಯಲ್ಲಿ ಸೌದೆ ಒಲೆಯೋ ಗ್ಯಾಸೋ ಅಂತ ಕೇಳಿದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಈ ಸಂಬಂಧ ಮುರಿದು ಬೀಳಲಿ, ಎಲ್ಲರೂ ಇವರನ್ನು ದೂರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ನನ್ನ ತಂಗಿಯ ಮದುವೆ ಮುರಿಯಲಿ ಅಂತ ನಾನೇ ಬೇಡಿಕೊಂಡೆ.

ಹುಡುಗನ ತಾಯಿ ನಕ್ಕುಬಿಟ್ಟರು. "ನಮ್ ಹುಡ್ಗ ಕಸ ಗುಡಿಸಿದ್ ಕಡೆ ಹಾದ್ರೂ ಸೀನ್ತಾನೆ ಕಣಮ್ಮ. ಇಬ್ರೂ ಸೇರ್ಕಂಡು ಮನೆ ಧೂಳಿಲ್ದಂಗೆ ಇಟ್ಕಳ್ಳಿ ಬುಡಿ" ಅಂದರು. ಗ್ಯಾಸೇ ಇತ್ತು ಅವರ ಮನೆಯಲ್ಲಿ.

ಇನ್ನು ಹೇಳಬೇಕಾದದ್ದು ಮೊದಲ ಬಾಣಂತನದ ಮಾತು. ಸಭೆಯಲ್ಲಿ ನನ್ನ ಬಾಯಿ ಕಟ್ಟಿದ್ದು ಅದೇ.

ತಂಗಿ ಹೆರಿಗೆಗೆ ನಮ್ಮ ಮನೆಗೇ ಬಂದಳು. ಮಗು ಚೆನ್ನಾಗಿತ್ತು, ಅವಳೂ ಚೆನ್ನಾಗಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಮೇಡಂ ಬಂದು ನನಗೆ ಒಂದೊಂದಾಗಿ ಹೇಳಿಹೋದರು. ಮಂಚದ ಕೆಳಗೆ ಕೆಂಡ ಇಡಬೇಡ. ಕಿಟಕಿ ಮುಚ್ಚಬೇಡ. ಕಂಬಳಿ ಹಾಸಬೇಡ. ನೀರು ಕಾಯಿಸುವ ಒಲೆಯ ಹೊಗೆ ಕೋಣೆಗೆ ಬರಬಾರದು. ನಾನು ಹೂಂ ಹೂಂ ಅನ್ನುತ್ತಾ ಕೇಳಿಸಿಕೊಂಡೆ. ಒಂದನ್ನು ಅವರು ಹೇಳಲಿಲ್ಲ. ಬಾಣಂತಿಗೆ ತಲೆಗೆ ನೀರು ಹಾಕಿದ ಮೇಲೆ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಒದ್ದೆ ಕೂದಲು ಹರವಿ ಹೊಗೆ ಹಿಡಿಸುವುದು ನಮ್ಮಲ್ಲಿ ಇದ್ದೇ ಇದೆ. ಮೇಡಂ ಮದುವೆಯಾದವರಲ್ಲ, ಬಾಣಂತನ ನೋಡಿದವರೂ ಅಲ್ಲ. ಅವರಿಗೆ ಅದು ತಿಳಿದಿರಲಿಲ್ಲ.

ಅವರಿಗೆ ತಿಳಿಯದ್ದು ಒಂದು ಸಿಕ್ಕಿತಲ್ಲ ಅಂತ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ಹೊಗೆ ತಂಗಿಗೆ ಆಗುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳ ಎದೆಗೆ ಕಿವಿಯಿಟ್ಟು ಬೆಳೆಸಿದವಳು ನಾನು. ಆದರೂ, ಇದೊಂದು ನನ್ನದು, ಅವ್ವನ ಜಾಗದಲ್ಲಿ ನಿಂತು ನಾನು ಮಾಡುವುದು, ಇದಕ್ಕೆ ಯಾವ ಮೇಡಮ್ಮಿನ ಅಪ್ಪಣೆಯೂ ಬೇಡ ಅಂದುಕೊಂಡೆ. ಏನೂ ಆಗದಿದ್ದರೆ ಮೇಡಂ ಮುಂದೆ ನಿಂತು 'ನೋಡಿ, ನಾನೂ ನೋಡಿಕೊಳ್ಳಬಲ್ಲೆ' ಅನ್ನಬಹುದು. ಆ ಮಾತನ್ನು ನೀರು ಕಾಯಿಸುವಾಗಲೇ ಮನಸ್ಸಿನಲ್ಲಿ ಆಡಿ ನೋಡಿದ್ದೆ.

ನೀರು ಹಾಕಿ ತಂಗಿಯನ್ನು ಕರೆತಂದು ಬುಟ್ಟಿಯ ಪಕ್ಕ ಮಲಗಿಸಿದೆ. ಅವಳು ಮೂಗು ಅರಳಿಸಿದಳು.

"ಅಕ್ಕಾ, ಹೊಗೆ ಅಲ್ವಾ ಇದು?"

"ಇದನ್ನ ಮೇಡಂ ಬ್ಯಾಡ ಅಂದಿಲ್ಲ ಕಣೆ."

ಅವರ ಹೆಸರು ಕೇಳಿದ್ದೇ ತಂಗಿ ಸುಮ್ಮನೆ ತಲೆ ಒರಗಿಸಿದಳು. ನನ್ನ ಮಾತಿಗೆ ಒರಗಲಿಲ್ಲ. ಸಾಂಬ್ರಾಣಿ ಹಾಕುವಾಗ ಆ ಸಿಟ್ಟಿಗೆ ಇನ್ನೊಂದು ಚಿಟಿಕೆ ಹೆಚ್ಚೇ ಹಾಕಿದೆ.

ಕೂದಲು ಇನ್ನೂ ಒದ್ದೆಯಿರುವಾಗಲೇ ಅವಳು ಎದ್ದು ಕೂತಳು. ಹೆಗಲು ಮೇಲೇರಿದವು. ಪಂಪು ತಂದುಕೊಟ್ಟೆ, ಎಳೆದಳು, ಮತ್ತೆ ಎಳೆದಳು. ತುಟಿ ಬಣ್ಣ ಕೆಟ್ಟಿತು. ನನಗೆ ಏನೂ ತೋಚದೆ, ಊರ ಹೆಸರು ಹೇಳು ಅಂದೆ. ಮಧು ಅಂದವಳಿಗೆ ಗಿರಿ ಬರಲಿಲ್ಲ. ನನ್ನ ಗಂಡ ಆಟೋ ಓಡಿಸುತ್ತಾನೆ, ಪುಣ್ಯಕ್ಕೆ ಮನೆಯಲ್ಲೇ ಇದ್ದ. ಕೊರಟಗೆರೆ ಆಸ್ಪತ್ರೆ ಮುಟ್ಟುವವರೆಗೆ ಬಾಟಲಿಯಲ್ಲಿ ಪಂಪು ಕೊಡುತ್ತಲೇ ಹೋದೆ. ಒದ್ದೆ ಕೂದಲು ನನ್ನ ತೋಳಿಗೆ ಅಂಟಿತ್ತು. ಸಾಂಬ್ರಾಣಿಯ ವಾಸನೆ ಆಟೋ ತುಂಬ ಇತ್ತು.

ಬದುಕಿಕೊಂಡಳು. ಮೂತಿಗೆ ಔಷಧಿಯ ಮುಸುಕು ಹಾಕಿಸಿಕೊಂಡು ಮಲಗಿದ್ದವಳ ಹತ್ತಿರ ಮೇಡಂ ಬಂದರು. ಬಗ್ಗಿ ಕೂದಲು ಮೂಸಿದರು. ತಂಗಿಯ ಅತ್ತೆ ನನ್ನ ಮೇಲೆ ಬಾಯಿ ಮಾಡುತ್ತಿದ್ದರು, ಬಾಣಂತಿಯನ್ನು ಕೊಲ್ಲೋಕೆ ಇಟ್ಟುಕೊಂಡಿದ್ದೀಯ ಅಂತ. ಮೇಡಂ ಅವರನ್ನು ತಡೆದರು.

"ಅವ್ಳನ್ನ ಅನ್ಬೇಡಿ. ಎಲ್ಲಾ ಹೇಳ್ದೆ, ಸಾಂಬ್ರಾಣಿ ಒಂದು ಹೇಳ್ಲಿಲ್ಲ ನಾನು. ಪಾಪ, ಅವ್ಳಿಗೇನು ಗೊತ್ತು. ತಪ್ಪು ನಂದು."

ನಾನು ಬಾಯಿ ಬಿಡಲಿಲ್ಲ. ಪಾಪ, ಗೊತ್ತಿಲ್ಲದವಳು ಅನ್ನುವ ಮಾತಿನ ಮರೆಯಲ್ಲಿ ನಿಂತುಕೊಂಡೆ. ಅವತ್ತಿನಿಂದ ಭಾನುವಾರದ ಜಗಲಿಯಲ್ಲಿ ಮೇಡಂ ಬಾಣಂತಿಯರ ಮಾತು ಬಂದಾಗಲೆಲ್ಲ, ತಮ್ಮ ತಪ್ಪಿನಿಂದ ಒಂದು ಹುಡುಗಿ ಸಾಯುವುದರಲ್ಲಿದ್ದಳು, ಸಾಂಬ್ರಾಣಿ ಹಾಕಬೇಡಿ ಅಂತ ಹೇಳುವರಂತೆ. ತಂಗಿ ಬಂದು ಅದನ್ನು ನನಗೆ ಹೇಳುತ್ತಿದ್ದಳು, ಎಷ್ಟು ದೊಡ್ಡ ಮನಸ್ಸು ನೋಡಕ್ಕ ಅಂತ. ನನ್ನ ತಪ್ಪನ್ನೂ ಅವರೇ ತೆಗೆದುಕೊಂಡು ಅದರಿಂದಲೂ ಅವಳ ಪ್ರೀತಿ ಗಳಿಸಿದರಲ್ಲ ಅಂತ ನನಗೆ ಆಗ ಉರಿಯುತ್ತಿತ್ತು. ನಾಚಿಕೆ ಬಂದದ್ದು ಬಹಳ ತಡವಾಗಿ.

ಎರಡನೇ ಬಾಣಂತನದ ಹೊತ್ತಿಗೆ ಮೇಡಂ ರಿಟೈರ್ ಆಗಿದ್ದರು. ತಂಗಿ ಮತ್ತೆ ನಮ್ಮ ಮನೆಗೇ ಬರುತ್ತೇನೆ ಅಂದಳು. ಅತ್ತೆ ಬೇಡವೆಂದರೂ ಕೇಳಲಿಲ್ಲ, ನನಗೆ ತೌರು ಅಂದರೆ ಅಕ್ಕನೇ ಅಂದಳು. ಮೇಡಂ ಒಂದು ಬ್ಯಾಗು, ತಮ್ಮ ದಿಂಬು ಹಿಡಿದು ಬಸ್ಸಿಳಿದರು, ಮಗು ನೋಡಿ ಎರಡು ದಿನ ಇದ್ದು ಹೋಗುತ್ತೇನೆ ಅಂತ. ತಲೆಗೆ ನೀರು ಹಾಕುವ ಹಿಂದಿನ ಸಂಜೆ ಅಂಗಳದಲ್ಲಿ ನಾವಿಬ್ಬರೇ ಇದ್ದೆವು. ಅವರು ಮುದ್ದೆಗೆ ನಂಚಿಕೊಳ್ಳಲು ಕಡ್ಲೆಕಾಯಿ ಚಟ್ನಿ ಮಾಡು ಅಂತ ಮಗುವಿನ ಹಾಗೆ ಹಟ ಮಾಡುತ್ತಿದ್ದರು. ನನಗೆ ಇದ್ದಕ್ಕಿದ್ದಂತೆ ತಡೆಯಲಾಗಲಿಲ್ಲ.

"ಮೇಡಂ, ಅವತ್ತು ನಂಗೆ ಗೊತ್ತಿತ್ತು. ಬೇಕೂಂತ್ಲೇ ಹಾಕಿದ್ದು. ನೀವು ಬ್ಯಾಡ ಅಂದಿಲ್ಲ ಅಂತ ಅವ್ಳಿಗೆ ಹೇಳಿ ಹಾಕ್ದೆ."

ಅವರು ನನ್ನನ್ನೇ ನೋಡಿದರು. ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಲಿಲ್ಲ.

"ಯಾಕೆ?"

"ಹೊಟ್ಟೆಕಿಚ್ಚು ಮೇಡಂ."

ಅವರ ಉಸಿರಿನ ಸದ್ದು ನನಗೆ ಕೇಳುತ್ತಿತ್ತು. "ಅವ್ಳಿಗೆ ನಾನು ಹೇಳಲ್ಲ. ಹೇಳೋದಾದ್ರೆ ನೀನೇ ಹೇಳ್ಬೇಕು" ಅಂದರು. ಎದ್ದು ಒಳಗೆ ಹೋದರು. ಚಟ್ನಿ ಮಾಡಿದೆ, ಅವರು ತಿನ್ನಲಿಲ್ಲ.

ಮಾರನೇ ಬೆಳಿಗ್ಗೆ ಅವರು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ಬಂದು ಅಂಗಳದಲ್ಲಿ, ಬಚ್ಚಲಿನ ಬಾಗಿಲಿಗೆ ಎದುರಾಗಿ ಹಾಕಿಕೊಂಡು ಕೂತರು. ನಾನು ನೀರು ಹಾಕುವುದನ್ನು ನೋಡಿದರು. ಬಿಸಿಲಿಗೆ ಕೂರಿಸಿ ಬಟ್ಟೆಯಲ್ಲಿ ಎಳೆ ಎಳೆಯಾಗಿ ಕೂದಲು ಒರೆಸುವುದನ್ನು ನೋಡಿದರು. ಎರಡು ದಿನಕ್ಕೆ ಬಂದವರು ಬಾಣಂತನ ಮುಗಿಯುವವರೆಗೆ ಹೋಗಲಿಲ್ಲ. ಹುಣಸೆಹಣ್ಣಿನ ಕಾಲ ಅದು. ನಾನು ಆ ವರ್ಷ ಹುಣಸೆ ಮುಟ್ಟಿರಲಿಲ್ಲ, ಆದರೆ ಬೀದಿಯ ಅಷ್ಟೂ ಮನೆಯ ಮುಂದೆ ಕುಟ್ಟುತ್ತಿದ್ದರು, ಅಂಗಳಕ್ಕೆ ಕೆಂಪು ಧೂಳು ಹಾರಿ ಬರುತ್ತಿತ್ತು. ತಂಗಿಯನ್ನು ನೀರಿನ ಹೊತ್ತಿಗಷ್ಟೇ ಹೊರಗೆ ತಂದು, ಮೂಗಿಗೆ ಬಟ್ಟೆ ಕಟ್ಟಿ, ಬೇಗ ಒಳಗೆ ಕಳಿಸುತ್ತಿದ್ದೆವು. ಮೇಡಂ ಮಾತ್ರ ಒದ್ದೆ ಬಟ್ಟೆ ಮೂಗಿಗೆ ಹಿಡಿದು, ಕೆಮ್ಮುತ್ತಾ, ಮಧ್ಯೆ ಮಧ್ಯೆ ಪಂಪು ಎಳೆಯುತ್ತಾ, ನಾನು ಒಲೆಯ ಕೆಂಡ ಆರಿಸುವವರೆಗೂ ಅಲ್ಲೇ ಕೂತಿರುವರು. ಒಳಗೆ ಹೋಗಿ ಮೇಡಂ ಅಂತ ತಂಗಿ ಗೋಗರೆದರೆ, ನಿನ್ನ ಕೂದ್ಲು ನೋಡೋಕೆ ಚೆಂದ ತಲ್ಲೀ ಅನ್ನುವರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ನೋಡುತ್ತಿದ್ದದ್ದು ಅವಳನ್ನಲ್ಲ, ನನ್ನನ್ನು. ನಮ್ಮಿಬ್ಬರಿಗೆ ಮಾತ್ರ ಅದು ಗೊತ್ತಿತ್ತು.

ಆಮೇಲೆ ಅವರು ನನ್ನ ಜೊತೆ ಒರಟಾಗಿ ಒಂದು ಮಾತೂ ಆಡಲಿಲ್ಲ, ಹಾಗೆಯೇ ಕ್ಷಮಿಸಿದೆ ಅನ್ನುವಂಥದ್ದನ್ನೂ ಆಡಲಿಲ್ಲ. ಬಸ್ಸು ಹತ್ತುವ ದಿನ ಕಿಟಕಿಯಿಂದ ಕೈ ಚಾಚಿ ನನ್ನ ಮಣಿಕಟ್ಟನ್ನು ಸ್ವಲ್ಪ ಹೊತ್ತು ಬಿಗಿಯಾಗಿ ಹಿಡಿದಿದ್ದರು. ಅದು ಪ್ರೀತಿಯೋ ಎಚ್ಚರಿಕೆಯೋ ನನಗೆ ಇವತ್ತಿಗೂ ತಿಳಿಯದು.

ಸಭೆಯಿಂದ ಬಂದ ಮೇಲೆ ತಂಗಿಗೆ ಎಲ್ಲವನ್ನೂ ಹೇಳಿದೆ. ಕೂತು ಕೇಳಿದಳು. ಬೈಯುತ್ತಾಳೆ, ಮಕ್ಕಳನ್ನು ಕರೆದುಕೊಂಡು ಎದ್ದು ಹೋಗುತ್ತಾಳೆ ಅಂತ ಕಾದೆ. ಅವಳು ಕೇಳಿದ್ದು ಒಂದೇ.

"ಮೇಡಂಗೆ ಗೊತ್ತಿತ್ತಾ?"

"ಎರಡನೇ ಸಲಕ್ಕೆ ನಾನೇ ಹೇಳ್ದೆ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಆ ಧೂಳಲ್ಲಿ ಅದ್ಕೇನಕ್ಕ ಕೂತಿದ್ದು ಅವ್ರು" ಅಂದಳು. "ಅಷ್ಟು ಕೆಮ್ಕಂಡು."

ಆಮೇಲೆ ಅವಳು ಅತ್ತದ್ದಕ್ಕೆ ಕೊನೆಯೇ ಇರಲಿಲ್ಲ. ನಾನು ಮಾಡಿದ್ದಕ್ಕೆ ಒಂದು ಹನಿಯೂ ಇಲ್ಲ, ಎಲ್ಲವೂ ಅವರಿಗೆ. ಬೆನ್ನು ಸವರಲು ಕೈ ಮುಂದೆ ಮಾಡಿದೆ. ಅತ್ತರೆ ಅವಳಿಗೆ ಉಬ್ಬಸ ಏಳುತ್ತದೆ. ಸದ್ಯ, ಅವಳು ಸರಿಯಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಾ ಕೂತವಳಿಗೆ, ಸತ್ತುಹೋದ ಆ ಹೆಂಗಸಿನ ಮೇಲೆ ಹೊಟ್ಟೆ ಉರಿಯುತ್ತಲೇ ಇತ್ತು.